ಕಾಡು ಇಷ್ಟು ಜೋರಾಗಿ ಕೂಗಲ್ಲ ಕನ ಮಗ

ಸ್ವಲ್ಪ ಉದ್ದ ಆಗಿದೆ, ಬಿಡುವಾದಾಗ ಓದಿ.

ಹೋದ ತಿಂಗಳು ಅರಣ್ಯ ಹಕ್ಕಿನ ಅರ್ಜಿ ಕೆಲಸಕ್ಕೆ ಯಳಂದೂರಿಂದ ಬಿಳಿಗಿರಿರಂಗನಬೆಟ್ಟದ ಒಂದು ಸೋಲಿಗರ ಪೋಡಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಹುಡುಗರು ಮೊಬೈಲಲ್ಲಿ 'ವೈಲ್ಡ್ ಕರ್ನಾಟಕ' ಹಾಕಿದ್ರು. 2020ರ ಪರಿಸರ ದಿನದಂದು ಡಿಸ್ಕವರಿ ಚಾನೆಲ್ಲಲ್ಲಿ ಬಂದ ಚಿತ್ರ. ಇಂಗ್ಲಿಷಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ, ಸಂಗೀತ ಬೆಂಗಳೂರಿನ ರಿಕಿ ಕೇಜ್ ಅವರದು. ಪಕ್ಕದಲ್ಲಿ ಕೂತಿದ್ದ ದೊಡ್ಡವ್ವ ಕಣ್ಣು ಮುಚ್ಚಿ ಕೇಳ್ತಿದ್ರು. ನೋಡವ್ವ ಅಂದೆ.

"ಚಂದಾಗದ ಕನ ಮಗ. ಆದ್ರ ಕಾಡು ಇಷ್ಟು ಜೋರಾಗಿ ಕೂಗಲ್ಲ."

ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ರಿಕಿ ಕೇಜ್ ಮೇಲೆ ದೂರಲ್ಲ ಇದು. ಹಲ್ಲಿನ ಡಾಕ್ಟರಿಕೆ ಓದಿ, ಜಾಹೀರಾತು ಜಿಂಗಲ್ ಮಾಡ್ತಿದ್ದ ಮನುಷ್ಯ ಆಮೇಲೆ ಪರಿಸರಕ್ಕಾಗಿಯೇ ಸಂಗೀತ ಮಾಡ್ತೀನಿ ಅಂತ ತಿರುಗಿದ್ದು ಸಣ್ಣ ವಿಷಯ ಅಲ್ಲ. 2015, 2022, 2023ರಲ್ಲಿ ಮೂರು ಗ್ರ್ಯಾಮಿ, 2025ರಲ್ಲಿ ಪದ್ಮಶ್ರೀ. ಮೂರನೇ ಗ್ರ್ಯಾಮಿ ಬಂದಿದ್ದಂತೂ ಸುತ್ತಲಿಂದಲೂ ಸದ್ದು ಕೇಳಿಸೋ ತಂತ್ರಜ್ಞಾನದ ವಿಭಾಗದಲ್ಲಿ. ಹೆಡ್‌ಫೋನ್ ಹಾಕ್ಕೊಂಡು ನಾನೂ ಕೇಳಿದೀನಿ, ಮೈ ಜುಮ್ ಅಂತದೆ.

ನನ್ನ ಪ್ರಶ್ನೆ ಬೇರೆ. ಈ ಕಾಡಿನ ಪರವಾಗಿ ಹಾಡೋ ಹಕ್ಕು ಯಾರಿಗೆ ಮೊದಲು ಸಿಗಬೇಕು?

1974ರಲ್ಲಿ ಬೆಟ್ಟ ಅಭಯಾರಣ್ಯ ಆಯ್ತು. ಕಾಡೊಳಗೆ ಅಲ್ಲಲ್ಲಿ ಇದ್ದ ಸೋಲಿಗರನ್ನ ಎಬ್ಬಿಸಿ ಒಂದೊಂದು ಕಡೆ ತಂದು ಕೂರಿಸಿದ್ರು. ಅವರು ಬೇಸಿಗೆ ಮೊದಲು ನೆಲಕ್ಕೆ ಹಾಕ್ತಿದ್ದ ತರಗು ಬೆಂಕಿಯೂ ನಿಂತೋಯ್ತು. ಆ ಸಣ್ಣ ಬೆಂಕಿಯೇ ಲಂಟಾನವನ್ನೂ ನೆಲ್ಲಿಮರದ ಬದನಿಕೆಯನ್ನೂ ಹದ್ದುಬಸ್ತಲ್ಲಿ ಇಟ್ಟಿತ್ತು ಅಂತ ಹಿರೀಕರು ಹೇಳ್ತಾನೇ ಬಂದ್ರು, ಕೇಳೋರಿರಲಿಲ್ಲ. ಈಗ ಬೆಟ್ಟ ಹತ್ತಿ ನೋಡಿ, ಲಂಟಾನ ಆಳೆತ್ತರ. ವಿಜ್ಞಾನಿಗಳು ಬಂದು ಅದನ್ನೇ ಅಧ್ಯಯನ ಮಾಡಿ ಬರೆದ ಮೇಲೆ ಅದು ಜ್ಞಾನ ಅನ್ನಿಸ್ಕೊಳ್ತು.

ತಂತ್ರಜ್ಞಾನ ಅಂದ್ರೆ ಸ್ಟುಡಿಯೊ ಒಂದೇ ಅಲ್ಲ. ಇದೇ ಸೋಲಿಗರು ಜಿಪಿಎಸ್ ಹಿಡಿದು, ಸಂಶೋಧಕರ ಜೊತೆ ಕಾಡೆಲ್ಲ ನಡೆದು, ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರೋ ನೂರಾರು ಜಾಗಗಳನ್ನ ನಕ್ಷೆಗೆ ತಂದ್ರು. 2011ರ ಜನವರಿಯಲ್ಲಿ ಬೆಟ್ಟವನ್ನ ಹುಲಿ ಸಂರಕ್ಷಿತ ಪ್ರದೇಶ ಮಾಡಿದ್ರು. ಅದೇ ವರ್ಷ ಅಕ್ಟೋಬರಲ್ಲಿ ಇವರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ತು. ಆ ಹಕ್ಕುಪತ್ರದ ಹಿಂದೆ ಎಷ್ಟು ವರ್ಷದ ನಡಿಗೆ ಇದೆ ಗೊತ್ತಾ?

ನನ್ನ ತಾತ ತಮಟೆಯವರು. ಸಾವಿಗೆ, ಜಾತ್ರೆಗೆ, ಊರ ಸಾರೋದಕ್ಕೆ ಬಡಿದೂ ಬಡಿದೂ ಬೆರಳು ಸೊಟ್ಟಗಾಗಿದ್ವು. ಈಗ ಪರಿಸರ ದಿನಾಚರಣೆ ಮೆರವಣಿಗೆಗೂ ತಮಟೆಗೆ ನಮ್ಮ ಹುಡುಗರನ್ನೇ ಕರೀತಾರೆ. ಮುಂದೆ ನಡೆಸ್ತಾರೆ, ಮೀಟಿಂಗ್ ಹಾಲ್ ಬಂತು ಅಂದ್ರೆ ಹೊರಗೆ ನಿಲ್ಲಿಸ್ತಾರೆ. ಹನೂರು ಕಡೆ ಮಾದಪ್ಪನ ಕಂಸಾಳೆಯವರಿಗೂ ಚಿಕ್ಕಲ್ಲೂರಿನ ನೀಲಗಾರರಿಗೂ ಇದೇ ಕಥೆ. ಕಲೆ ಬೇಕು, ಕುರ್ಚಿ ಕೊಡೋಕಾಗಲ್ಲ.

ಚಿತ್ರ ಮುಗೀತು. ದೊಡ್ಡವ್ವ ತಾವೇ ಗೊರುಕಾನ ಶುರು ಮಾಡಿದ್ರು. ಮೈಕಿಲ್ಲ, ಏನಿಲ್ಲ, ಎದುರಿಗೆ ನಾಕು ಹುಡುಗರ ಚಪ್ಪಾಳೆ. ನಡುನಡುವೆ ನಿಲ್ಲಿಸಿ, ಈ ಹಳ್ಳ ಎಲ್ಲದ, ಆ ಮರ ಈಗ ಇಲ್ಲ ಅಂತ ವಿವರಿಸಿದ್ರು. ನಾನು ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೆ. ಒಬ್ಬ ಹುಡುಗ, "ಅಣ್ಣ, ಯೂಟ್ಯೂಬಿಗೆ ಹಾಕಣ" ಅಂದ. ಅವ್ವನ ಮುಖ ಗಟ್ಟಿಯಾಯ್ತು. ಹಿಂದೊಮ್ಮೆ ಯಾರೋ ಪ್ಯಾಟೆಯೋರು ಬಂದು ರೆಕಾರ್ಡ್ ಮಾಡ್ಕೊಂಡು ಹೋಗಿದ್ರಂತೆ. ಆಮೇಲೆ ಅವ್ವನ ದನಿ ಯಾವುದೋ ಕಾರ್ಯಕ್ರಮದಲ್ಲಿ ಬಂತಂತೆ. ಹೆಸರಿಲ್ಲ, ಕಾಸೂ ಇಲ್ಲ.

"ಹಾಕದಾದ್ರ ಹಾಕು. ನನ್ನ ಹೆಸರು ಬರಿ, ಪೋಡಿನ ಹೆಸರು ಬರಿ. ಮೊದ್ಲು ನಂಗ ಕೇಳುಸು."

ನನಗೆ ನಾಚಿಕೆ ಆಯ್ತು. ರೆಕಾರ್ಡ್ ಬಟನ್ ಒತ್ತೋ ಮುಂಚೆ ನಾನೂ ಕೇಳಿರಲಿಲ್ಲ.

ಆಡಿಯೊ ಇನ್ನೂ ನನ್ನ ಫೋನಲ್ಲೇ ಇದೆ. ಶನಿವಾರ ಹೋಗಿ ಪೂರ್ತಿ ಕೇಳಿಸಿ, ಅವ್ವ ತೆಗಿ ಅಂದಿದ್ದನ್ನ ತೆಗೆದು ಆಮೇಲೆ ಹಾಕ್ತೀವಿ. ಕೊಳ್ಳೇಗಾಲದಲ್ಲಿ ಒಳ್ಳೆ ಮೈಕ್ ಇರೋರು, ಎಡಿಟಿಂಗ್ ಬರೋರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೊರಡ್ತೀವಿ.