ಸೇಬಿನ ಮರದೆದುರಿನ ಕಲ್ಲುಮನೆ

ಲಂಡನ್ನಿನಿಂದ ಉತ್ತರಕ್ಕೆ ಹೋಗುವ ರೈಲಿನಿಂದ ಗ್ರಾಂಥಮ್ ನಿಲ್ದಾಣದಲ್ಲಿಳಿದು, ದಕ್ಷಿಣದ ಕಡೆಗೆ ಏಳೆಂಟು ಮೈಲಿ ಸಾಗಿದರೆ ವುಲ್ಸ್‌ಥಾರ್ಪ್ ಎಂಬ ಹಳ್ಳಿ ಸಿಗುತ್ತದೆ. ಐಸಾಕ್ ನ್ಯೂಟನ್ ಹುಟ್ಟಿದ ಮನೆ ಇಲ್ಲಿದೆ. ‘ಮ್ಯಾನರ್’ ಎಂಬ ಹೆಸರನ್ನು ಕೇಳಿ ಅರಮನೆಯನ್ನು ಊಹಿಸಿಕೊಂಡು ಬಂದವರ ಕಣ್ಣಿಗೆ ಬೀಳುವುದು, ಅನುಕೂಲಸ್ಥ ಬೇಸಾಯಗಾರನ ಗಟ್ಟಿಮುಟ್ಟಾದ ಮನೆಯೊಂದು ಮಾತ್ರ.

ಆ ಸೀಮೆಯ ನೆಲದಲ್ಲೇ ದೊರೆಯುವ ಸುಣ್ಣಕಲ್ಲಿನಿಂದ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಮನೆಯಿದು. ಗೋಡೆಗಳು ದಪ್ಪ; ಚಳಿಗೆ ಅವೇ ಕವಚ. ಕಿಟಕಿಗಳನ್ನು ಕಲ್ಲಿನ ಸಣ್ಣ ಕಂಬಗಳು ವಿಭಾಗಿಸುತ್ತವೆ. ಕೆಳಗೆ ನಡುಮನೆ, ಅಡಿಗೆಮನೆ. ಮೇಲೆ ಮಲಗುವ ಕೋಣೆಗಳು. ಮನೆಯ ಬದುಕೆಲ್ಲ ಒಲೆಗೂಡುಗಳ ಸುತ್ತಲೇ ನಡೆಯುತ್ತಿದ್ದಿತು. ಮುಂಬಾಗಿಲಿನ ಮೇಲೆ ಎರಡು ಎಲುಬುಗಳನ್ನು ಅಡ್ಡಡ್ಡವಾಗಿ ಕೆತ್ತಿದ ವಂಶಲಾಂಛನ. ಅಲಂಕಾರವೆಂದರೆ ಅಷ್ಟೇ.

ಅಜ್ಜ ರಾಬರ್ಟ್ ನ್ಯೂಟನ್ 1623ರಲ್ಲಿ ಈ ಆಸ್ತಿಯನ್ನು ಕೊಂಡನು. ಮೊಮ್ಮಗನು 1642ರ ಕ್ರಿಸ್ಮಸ್ ದಿನ ಹುಟ್ಟಿದಾಗ ತಂದೆ ತೀರಿಹೋಗಿ ಮೂರು ತಿಂಗಳಾಗಿತ್ತು. ಮಗುವಿಗೆ ಮೂರು ವರ್ಷವಾದಾಗ ತಾಯಿ ಹಾನಾ ಸಮೀಪದ ಊರಿನ ಪಾದ್ರಿಯನ್ನು ಮರುಮದುವೆಯಾಗಿ, ಮಗನನ್ನು ಅಜ್ಜಿಯ ಮಡಿಲಿಗೊಪ್ಪಿಸಿ ಹೊರಟುಹೋದಳು. ಅವಳು ವಿಧವೆಯಾಗಿ, ಇನ್ನೂ ಮೂವರು ಮಕ್ಕಳೊಡನೆ ಹಿಂದಿರುಗಿದ್ದು 1653ರಲ್ಲಿ. ತಾಯಿಯನ್ನೂ ಮಲತಂದೆಯನ್ನೂ ಅವರಿದ್ದ ಮನೆಯೊಡನೆ ಸುಟ್ಟುಬಿಡುವೆನೆಂದು ಬೆದರಿಸಿದ್ದನ್ನು, 1662ರಲ್ಲಿ ನ್ಯೂಟನ್ ತನ್ನ ಪಾಪಗಳ ಪಟ್ಟಿಯಲ್ಲಿ ತಾನೇ ಬರೆದುಕೊಂಡನು. ಆ ಗಾಯ ಅಷ್ಟು ಆಳವಾದುದು.

ಮಗನು ಹೊಲ ನೋಡಿಕೊಳ್ಳಲೆಂದು ತಾಯಿ ಅವನ ಶಾಲೆಯನ್ನು ಬಿಡಿಸಿದಳು. ಬೇಸಾಯ ಅವನಿಗೆ ಒಗ್ಗಲಿಲ್ಲ. ಅವನ ಹಂದಿಗಳು ಅನ್ಯರ ಪೈರಿಗೆ ನುಗ್ಗಿದ್ದಕ್ಕೆ 1659ರಲ್ಲಿ ದಂಡ ತೆರಬೇಕಾಯಿತು. ಕೊನೆಗೆ ಮರಳಿ ಶಾಲೆಗೆ, 1661ರಲ್ಲಿ ಕೇಂಬ್ರಿಜ್ಜಿಗೆ.

ಬೇಡವಾಗಿದ್ದ ಮನೆಯೇ ಮುಂದೆ ಆಸರೆಯಾಯಿತು. 1665ರಲ್ಲಿ ಪ್ಲೇಗು ಹಬ್ಬಿ ವಿಶ್ವವಿದ್ಯಾಲಯ ಮುಚ್ಚಲು, ನ್ಯೂಟನ್ ಇಲ್ಲಿಗೆ ಹಿಂದಿರುಗಿದನು. ಕಿಟಕಿಯ ರಂಧ್ರದಿಂದ ಬಂದ ಬಿಸಿಲಕೋಲನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳಾಗಿ ಒಡೆದ ಕೋಣೆಯೆಂದು ಮೇಲ್ಮಹಡಿಯ ಕೊಠಡಿಯೊಂದನ್ನು ಇಂದಿಗೂ ತೋರಿಸುತ್ತಾರೆ. ಮನೆಯ ಮುಂದಿನ ತೋಟದಲ್ಲಿ ಪ್ರಸಿದ್ಧವಾದ ಸೇಬಿನ ಮರವುಂಟು. 1820ರ ಸುಮಾರಿಗೆ ಬಿರುಗಾಳಿಗೆ ಉರುಳಿದ ಆ ಮರ, ತನ್ನ ಬೇರಿನಿಂದಲೇ ಮತ್ತೆ ಚಿಗುರಿ ಫಲ ಕೊಡುತ್ತಿದೆ.

ಈಗ ಮನೆಯನ್ನು ಕಾಯುತ್ತಿರುವುದು ನ್ಯಾಷನಲ್ ಟ್ರಸ್ಟ್. 2017ರಲ್ಲಿ ಸಂಶೋಧಕರು ನಡುಮನೆಯ ಗೋಡೆಯ ಮೇಲೆ ಬೇರೆ ಬೇರೆ ಕೋನಗಳಿಂದ ಬೆಳಕು ಹಾಯಿಸಿ ಚಿತ್ರ ತೆಗೆದಾಗ, ಒಲೆಗೂಡಿನ ಬಳಿ ಮಸುಕಾದ ಗೀಚೊಂದು ಮೂಡಿತು: ಅದು ಗಾಳಿಯಂತ್ರದ ಚಿತ್ರ. ಬಾಲಕ ನ್ಯೂಟನ್ನನೇ ಅದನ್ನು ಕೊರೆದಿರಬೇಕೆಂದು ಅವರ ಊಹೆ. ಬೆಳಕಿನ ಗುಟ್ಟನ್ನು ಬಿಡಿಸಿದವನ ಬಾಲ್ಯದ ಗುರುತು, ಮುನ್ನೂರೈವತ್ತು ವರ್ಷಗಳಾಚೆಗೆ ಹೊರಬಿದ್ದದ್ದೂ ಬೆಳಕಿನಿಂದಲೇ.