ಹಿತ್ತಿಲಿನ ಒಲೆ

ಕಳೆದ ಮಳೆಗಾಲದ ಒಂದು ಮುಂಜಾನೆ ನಾವು ಪೂಜೆ ಮುಗಿಸಿ ಹೊರಜಗಲಿಗೆ ಬರುವಷ್ಟರಲ್ಲಿ ನೆರೆಮನೆಯ ಹೆಣ್ಣುಮಗಳು ಕೊಡೆ ಮಡಚಿ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಕಾಗದಗಳು. "ಅಜ್ಜಾರ, ನಾ ಒಬ್ಬಾಕೀನ ಅದೀನಿ ಅಂತ ನೀವೊಂದು ಮಾತು ಹೇಳಬೇಕಾಗೇತ್ರಿ" ಎಂದಳು. ಅರವತ್ತು ದಾಟಿದ ನಮ್ಮ ಬಾಳಿನಲ್ಲಿ ಅನ್ಯರ ನಡತೆಗೆ, ವಿದ್ಯೆಗೆ, ವಯಸ್ಸಿಗೆ, ಇನ್ನೂ ಬದುಕಿದ್ದಾರೆಂಬುದಕ್ಕೆ ಸಹ ನಾವು ಸಾಕ್ಷಿ ಹಾಕಿದ್ದುಂಟು. ಒಂಟಿಯಾಗಿರುವುದಕ್ಕೆ ಸಾಕ್ಷಿ ಬೇಡಿ ಬಂದವರಲ್ಲಿ ಇವಳೇ ಮೊದಲಿಗಳು.

ನಾವು ಬಯಲುಸೀಮೆಯ ಮಠವೊಂದರ ಪಾಠಶಾಲೆಯಲ್ಲಿ ಓದಿ, ಅಧ್ಯಾಪನದ ನಿಮಿತ್ತ ಕರಾವಳಿಗೆ ಇಳಿದು, ಸ್ವರ್ಣಾ ನದಿಯ ದಂಡೆಯ ಈ ಕಲ್ಯಾಣಪುರದಲ್ಲಿ ನೆಲೆಗೊಂಡವರು. (ನಮ್ಮ ಊರಿನ ಬಂಧುಗಳಲ್ಲಿ ಕೆಲವರು ಇದನ್ನು ಬೀದರ ಜಿಲ್ಲೆಯ ಕಲ್ಯಾಣವೆಂದೇ ಬಹುಕಾಲ ತಿಳಿದಿದ್ದರು.) ಈ ಹೆಣ್ಣುಮಗಳೂ ನಮ್ಮ ಸೀಮೆಯವಳೇ. ಇಪ್ಪತ್ತು ವರ್ಷಗಳ ಹಿಂದೆ ಗಂಡ ಕಟ್ಟಡದ ಕೆಲಸಕ್ಕೆಂದು ಬಂದ. ಹಿಂದೆಯೇ ಇವಳೂ ಅತ್ತೆಯೂ ಬಂದರು. ಅವರ ಲಗ್ನದಲ್ಲಿ ಅಕ್ಷತೆ ಹಾಕಿದವರಲ್ಲಿ ನಾವೂ ಒಬ್ಬರು. ದುಡಿದು ಒಂದು ಹಂಚಿನ ಮನೆ ಮಾಡಿಕೊಂಡರು. ಆಮೇಲೆ ಆ ದಾಂಪತ್ಯ ಕೆಟ್ಟಿತು. ಕೆಟ್ಟ ಬಗೆಯನ್ನು ಇಲ್ಲಿ ಬರೆಯುವುದು ನಮಗೆ ತಕ್ಕುದಲ್ಲ.

ಊರಿನ ಹಿರಿಯರು ಸೋಡಚೀಟಿ ಬರೆದು ಮುಗಿಸಿಕೊಳ್ಳಿರೆಂದರು. ಹಾಗೆ ಬಿಡುಗಡೆ ಪಡೆಯುವ ರೂಢಿ ನಮ್ಮ ಸೀಮೆಯಲ್ಲಿ ಹಿಂದಿನಿಂದ ಇದೆ. 1955ರ ಹಿಂದೂ ವಿವಾಹ ಕಾಯಿದೆಯ 29ನೆಯ ಕಲಮು ಇಂಥ ರೂಢಿಗಳನ್ನು ಉಳಿಸಿಯೂ ಇದೆ. ಆದರೆ ಆ ರೂಢಿ ತಮ್ಮಲ್ಲಿ ಉಂಟೆಂದು ಸಿದ್ಧಪಡಿಸುವ ಹೊಣೆ ಹೇಳಿದವರದೇ. ಇವಳು ಕೋರ್ಟಿನ ಕಾಗದವೇ ಬೇಕೆಂದು ಹಟ ಹಿಡಿದಳು. ಓದಿದ್ದು ನಾಲ್ಕನೆಯ ಇಯತ್ತೆಯಾದರೂ ಆ ವಿಷಯದಲ್ಲಿ ಅವಳ ಬುದ್ಧಿ ಹಿರಿಯರಿಗಿಂತ ಹರಿತವಾಗಿತ್ತು.

ಆ ಕಾಯಿದೆಯ 2ನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳಿರುವುದರಿಂದ ಅದು ನಮಗೂ ಅನ್ವಯಿಸುವುದು. 1976ರಲ್ಲಿ ಸೇರಿದ 13ಬಿ ಕಲಮಿನಂತೆ ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ ಬೇಡುವವರು ಅದಕ್ಕೆ ಮೊದಲು ಒಂದು ವರ್ಷವಾದರೂ ಪ್ರತ್ಯೇಕವಾಗಿ ವಾಸಿಸಿರಬೇಕು. ಇವರಿಗೋ ಇದ್ದುದು ಒಂದೇ ಮನೆ. ಬಾಡಿಗೆಗೆ ಹೋಗೋಣವೆಂದರೆ, ಹತ್ತಿರದ ಮಣಿಪಾಲದ ವಿದ್ಯಾರ್ಥಿಗಳ ದೆಸೆಯಿಂದ ಈ ಸುತ್ತಿನಲ್ಲಿ ಒಂದು ಕೋಣೆಯ ಬಾಡಿಗೆಯೂ ಕೂಲಿಯವರ ಕೈಗೆಟಕುವಂತಿಲ್ಲ. ಆಗ ಅವರ ವಕೀಲರು ತೋರಿಸಿದ್ದು 1991ರ ಸುರೇಷ್ಟಾದೇವಿ ಮೊಕದ್ದಮೆಯ ತೀರ್ಪನ್ನು. ಅದನ್ನು ಬರೆದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೂ ನ್ಯಾಯಾಧೀಶರಾಗಿದ್ದವರು. ಪ್ರತ್ಯೇಕ ವಾಸವೆಂದರೆ ಸತಿಪತಿಗಳಾಗಿ ಬಾಳದಿರುವುದು. ಅದಕ್ಕೂ ವಾಸದ ಸ್ಥಳಕ್ಕೂ ಸಂಬಂಧವಿಲ್ಲ. ಒಂದೇ ಸೂರಿನ ಕೆಳಗಿದ್ದೂ ಗಂಡಹೆಂಡಿರಲ್ಲದಿರಬಹುದು, ಬೇರೆ ಬೇರೆ ಮನೆಗಳಲ್ಲಿದ್ದೂ ಗಂಡಹೆಂಡಿರಾಗಿರಬಹುದು ಎಂಬುದು ಅದರ ತಾತ್ಪರ್ಯ. ನಾವು ಅದನ್ನು ತರಿಸಿ ಓದಿದೆವು. ನಾವು ಓದಿದ ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಇಷ್ಟು ಸೂಕ್ಷ್ಮವಾದ ಮಾತು ಮೇಲಿಂದ ಮೇಲೆ ಸಿಗುವುದಿಲ್ಲ.

ಹೀಗೆ ಬಿಡುಗಡೆಯಾಯಿತು. ಮುಂದಿನ ಪಾಲು ಅವನದು, ಅವನ ತಾಯಿಯದು. ಹಿಂದಿನ ಪಾಲು ಇವಳದು, ಕಾಲೇಜಿಗೆ ಹೋಗುವ ಮಗಳದು. ನಡುವಿನ ಬಾಗಿಲಿಗೆ ಹಲಗೆ ಹೊಡೆದರು. ಅಡುಗೆ ಅನಿಲ ಅವನ ಹೆಸರಿನಲ್ಲಿದ್ದುದರಿಂದ ಇವಳು ಹಿತ್ತಿಲಲ್ಲಿ ತಗಡು ಹೊದಿಸಿ ಮಣ್ಣಿನ ಒಲೆ ಹೂಡಿದಳು. ಅದರ ಮೇಲೆ ಜೋಳದ ರೊಟ್ಟಿ ಬಡಿದು ನಮ್ಮ ಸೀಮೆಯ ಕೂಲಿಯವರಿಗೆ, ವಿದ್ಯಾರ್ಥಿಗಳಿಗೆ ಮಾರಿ ಜೀವನ.

ನಾಲ್ವತ್ತು ತುಂಬಿದ ಮೇಲೆ ಯಾರೋ ಮನಸ್ವಿನಿ ಯೋಜನೆಯ ವಿಷಯ ತಿಳಿಸಿದರು. ಬಡ ಕುಟುಂಬದ ಅವಿವಾಹಿತ, ವಿಚ್ಛೇದಿತ ಸ್ತ್ರೀಯರಿಗೆ ನಾಲ್ವತ್ತರಿಂದ ಅರವತ್ತನಾಲ್ಕರವರೆಗೆ ತಿಂಗಳ ಮಾಸಾಶನ ಕೊಡಲು 2013ರಲ್ಲಿ ನಮ್ಮ ಸರಕಾರ ತಂದದ್ದು ಇದು. ಮೊದಲು 500 ರೂಪಾಯಿ, ಅನಂತರ ಏರಿ 800. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿ ಇವಳಿಗೆ ದೊರೆತಿರಲಿಲ್ಲ. ಅದು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಬರೆದ ಒಬ್ಬಳಿಗೆ ಮಾತ್ರ. ಇವರ ಚೀಟಿ ಇನ್ನೂ ಒಡೆದಿರಲಿಲ್ಲ, ಅದರಲ್ಲಿ ಯಜಮಾನಿ ಮುದುಕಿ.

ಪರಿಶೀಲನೆಗೆ ಬಂದ ತರುಣ ನೌಕರ ಸಭ್ಯನೇ. ಮಳೆಯಲ್ಲಿ ತೊಯ್ದು ಬಂದವನು ಹೊಸ್ತಿಲ ಬಳಿಯ ಗಂಡಸಿನ ಚಪ್ಪಲಿಗಳನ್ನು ನೋಡಿ ನಿಂತ. "ಮನೆ ಒಂದೇ, ನಂಬ್ರ ಒಂದೇ, ರೇಶನ್ ಕಾರ್ಡೂ ಒಂದೇ. ಡೈವೋರ್ಸ್ ಆದದ್ದು ಹೌದು. ಆದರೆ ಬೇರೆ ಇರುವುದು ಹೇಗೆ ಮಾರಾಯ್ರೆ?" ಎಂದ. ಅವನ ದುಡಿಮೆ ಇವಳ ಕುಟುಂಬದ ಆದಾಯಕ್ಕೆ ಸೇರುವುದೋ ಇಲ್ಲವೋ ಎಂಬುದು ಅವನಿಗೆ ತಿಳಿಯಬೇಕಿತ್ತು. ಅಷ್ಟರಲ್ಲಿ ಇವಳು, ಒಲೆಯ ಮೇಲಿನ ಗಂಜಿ ಆರಿಹೋಗುವುದೆಂದು, ಅವನೆದುರಿಗೇ ಒಂದು ಬಟ್ಟಲು ಹಿಡಿದು ಅಂಗಳ ಸುತ್ತಿ ಮುಂದಿನ ಪಾಲಿಗೆ ಹೋಗಿ, "ಅತ್ತೀ, ಏಳ್ರಿ" ಎಂದು ಮುದುಕಿಯನ್ನು ಎಬ್ಬಿಸಿದಳಂತೆ. ತರುಣ ಬರೆಯುತ್ತಿದ್ದ ಲೇಖನಿಯನ್ನು ಜೇಬಿಗೆ ಹಾಕಿದ. ಅತ್ತೆಗೆ ಗಂಜಿ ಕೊಡುವವಳು ಸೊಸೆಯಲ್ಲದೆ ಮತ್ತಾರು? ನೆರೆಯವರಿಬ್ಬರ ಹೇಳಿಕೆ ತನ್ನಿರೆಂದು ಹೇಳಿ ಹೋದ.

ನಮಗೆ ಮುಜುಗರವಾದದ್ದೂ ಆ ಗಂಜಿಯ ದೆಸೆಯಿಂದಲೇ. ಸಾಕ್ಷಾತ್ ಕಂಡವನೇ ಸಾಕ್ಷಿಯೆಂಬುದು ಪಾಣಿನಿಯ ವ್ಯುತ್ಪತ್ತಿ. ಪಾಠಶಾಲೆಯಲ್ಲಿ ಅದನ್ನು ಕಂಠಪಾಠ ಮಾಡಿದ್ದೆವು. ಅದು ಇಷ್ಟು ಭಾರವೆಂದು ತಿಳಿದಿರಲಿಲ್ಲ. ಕಂಡದ್ದನ್ನೆಲ್ಲ ಬರೆದರೆ ಗಂಜಿಯನ್ನೂ ಬರೆಯಬೇಕು. ಬರೆದರೆ ಮಾಸಾಶನ ತಪ್ಪೀತು. ಬಿಟ್ಟು ಬರೆದರೆ ಅವಳ ಅತ್ಯುತ್ತಮ ಗುಣವನ್ನು ಅಪರಾಧದಂತೆ ಮುಚ್ಚಿಟ್ಟಂತಾದೀತು. ಎರಡು ದಿನ ಕಾಗದ ಹಾಗೆಯೇ ಇತ್ತು. ಅಕ್ಕಮಹಾದೇವಿ ಕೌಶಿಕನನ್ನು ಬಿಟ್ಟು ಹೊರಟಾಗ ಅವಳಿಗೆ ಶ್ರೀಶೈಲವಿತ್ತು. ಈ ತಾಯಿಗೆ ಹಿತ್ತಿಲಷ್ಟೇ ಇರುವುದು ಎಂದು ನಮಗೆ ಅನ್ನಿಸಿದ್ದುಂಟು.

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮ ಹಳೆಯ ಶಿಷ್ಯನೊಬ್ಬ ಆ ವಾರವೇ ದೂರವಾಣಿಯಲ್ಲಿ ಮಾತಾಡಿದ. ಅಲ್ಲಿಯೂ ಈ ತೊಡಕು ಉಂಟಂತೆ. ಒಂದೇ ಸೂರಿನಡಿ ಬೇರ್ಪಟ್ಟವರು ಸರಕಾರದ ನೆರವು ಕೇಳಿದರೆ ಹಣಕಾಸು, ಮನೆವಾರ್ತೆ, ಸಮಾಜದಲ್ಲಿ ನಡೆದುಕೊಳ್ಳುವ ಬಗೆ, ದೇಹಸಂಬಂಧ, ಪರಸ್ಪರ ಬದ್ಧತೆ ಎಂಬ ಐದನ್ನೂ ಒಟ್ಟಾಗಿ ತೂಗಿ ನೋಡುವರೆಂದು ಹೇಳಿದ. ಅಮೆರಿಕೆಯ ಅಲಬಾಮಾ ರಾಜ್ಯದಲ್ಲಿ, ತಾಯಿಯ ಬಳಿ ಗಂಡಸೊಬ್ಬ ಬಂದುಹೋಗುವನೆಂಬ ಕಾರಣಕ್ಕೆ ಮಕ್ಕಳ ನೆರವನ್ನೇ ನಿಲ್ಲಿಸುತ್ತಿದ್ದರು. 1968ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ನಿಯಮವನ್ನು ತೆಗೆದುಹಾಕಿತು. ಅದನ್ನು ನೆನೆದರೆ, ಚಪ್ಪಲಿ ನೋಡಿ ನಿಂತ ನಮ್ಮ ತರುಣ ಎಷ್ಟೋ ಮೇಲು.

ನಮಗೆ ದಾರಿ ತೋರಿದ್ದು ನಮ್ಮ ಜನಗಣತಿಯವರು ಕುಟುಂಬವನ್ನು ಎಣಿಸುವ ಕ್ರಮ. ಅವರು ಗೋಡೆಯನ್ನು ನೋಡುವುದಿಲ್ಲ. ಒಂದು ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆನ್ನುವರು. ಒಲೆ ಬೇರೆಯಾದರೆ ಮನೆ ಬೇರೆಯಾಯಿತೆಂದು ನಮ್ಮ ಹಳ್ಳಿಯ ಮುದುಕಿಯರೂ ಹೇಳುತ್ತಿದ್ದರು. ಹಾಗಾದರೆ ಗಂಜಿ? ಒಂದು ಒಲೆಯಿಂದ ಇನ್ನೊಂದು ಮನೆಗೆ ಹೋಗುವ ಅನ್ನಕ್ಕೆ ನಮ್ಮಲ್ಲಿ ದಾಸೋಹವೆಂಬ ಹೆಸರಿದೆ. ಅದು ದಾಂಪತ್ಯದ ಗುರುತಲ್ಲ.

"ಗಂಜಿ ಮಾತೂ ಬರೀತೀವವ್ವ" ಎಂದು ಅವಳಿಗೆ ಮೊದಲೇ ತಿಳಿಸಿದೆವು. "ಇದ್ದದ್ದ ಬರೀರಿ ಅಜ್ಜಾರ. ಆಕೀಗೆ ನಾ ಕೊಡದಿದ್ರ ಯಾರ ಕೊಡ್ತಾರ?" ಎಂದಳು. ಬರೆದೆವು: ಮನೆ ಒಂದು, ಒಲೆ ಎರಡು, ನಡುವಿನ ಬಾಗಿಲು ಮುಚ್ಚಿದೆ, ಪುರುಷನ ಸಂಪಾದನೆಯಲ್ಲಿ ಈಕೆಗೆ ಪಾಲಿಲ್ಲ, ಈಕೆಯ ರೊಟ್ಟಿಯ ಹಣದಲ್ಲಿ ಅವನಿಗೆ ಪಾಲಿಲ್ಲ, ವೃದ್ಧೆಗೆ ಈಕೆ ದಿನವೂ ಗಂಜಿ ಕೊಡುವುದನ್ನು ನಾವು ಕಂಡಿದ್ದೇವೆ, ಅದನ್ನು ಈಕೆ ತನ್ನ ಒಲೆಯ ಮೇಲೆ ತನ್ನ ಅಕ್ಕಿಯಿಂದ ಮಾಡುವಳು. ಎದುರುಮನೆಯ ಕ್ರೈಸ್ತ ಬಾಯಮ್ಮ ಓದಿಸಿ ಕೇಳಿ ತಾನೂ ರುಜು ಹಾಕಿದರು. ಆ ತರುಣ ಮತ್ತೊಮ್ಮೆ ಬಂದು, ಈ ಸಲ ಮುಂಬಾಗಿಲನ್ನು ಬಿಟ್ಟು ನೇರವಾಗಿ ಹಿತ್ತಿಲಿಗೆ ನಡೆದು, ಒಲೆಯ ಚಿತ್ರ ತೆಗೆದುಕೊಂಡು ಹೋದ.

ನಾಲ್ಕು ತಿಂಗಳ ಮೇಲೆ ಮಂಜೂರಾತಿಯ ಕಾಗದ ಬಂತು. ಓದಿ ಹೇಳಿರೆಂದು ನಮ್ಮಲ್ಲಿಗೆ ತಂದಳು. ವಿಚ್ಛೇದಿತೆಯೆಂದು ಮಾಸಾಶನ ಮಂಜೂರಾದ ಆ ಕಾಗದದಲ್ಲಿ ಅವಳ ಹೆಸರಿನ ಮುಂದೆ "ಕೋಂ" ಎಂದು ಅಚ್ಚಾಗಿ, ಅದರ ಮುಂದೆ ಆ ಗೃಹಸ್ಥನ ಹೆಸರಿತ್ತು. ಇದ್ದದ್ದನ್ನು ಓದಿದೆವು. "ಇದನ್ನ ತಿದ್ದಿಸಬೇಕೇನ್ರಿ?" ಎಂದು ಕೇಳಿದಳು. ತಿದ್ದಿಸಬೇಕಾದರೆ ಮತ್ತೊಂದು ಅರ್ಜಿ, ಬಹುಶಃ ಮತ್ತೊಂದು ಪರಿಶೀಲನೆ. ನಾವು ಕನ್ನಡಕ ತೆಗೆದು ಒರೆಸತೊಡಗಿದೆವು. "ಇರ್ಲಿ ಬಿಡ್ರಿ, ಹಂಚಿನ ಮ್ಯಾಲ ರೊಟ್ಟಿ ಹೊತ್ತತಾವು" ಎಂದು ಕಾಗದವನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅವಳು ನಡೆದಳು.