ಸವಣೂರಿನ ದೊಡ್ಡಹುಣಸೆ ಮತ್ತು ನಿಮ್ಮ ಮನೆಯ ಆಲ್ಬಂ

ಸವಣೂರೆಂದರೆ ಖಾರ, ವೀಳ್ಯದೆಲೆ, ನವಾಬರು ಎಂದಷ್ಟೇ ತಿಳಿದಿದ್ದೀರಾ ಸಹೋದರಿಯರೇ? ಹಾವೇರಿ ಜಿಲ್ಲೆಯ ಆ ಊರಿಗೆ ಹೋದರೆ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮರಗಳನ್ನು ನೋಡದೆ ಬರಬೇಡಿ. ವಾಡಿ, ಶಹಾಬಾದ್ ಕಡೆಯವರು ಹುಬ್ಬಳ್ಳಿ ತಲುಪಿ ಅಲ್ಲಿಂದ ಬಸ್ಸು ಹಿಡಿಯಬಹುದು.

ಹೆಸರು ಹುಣಸೆಯಾದರೂ ಜಾತಿ ಬೇರೆ. ಇದು ಆಫ್ರಿಕ ಮೂಲದ ಬಾವೊಬಾಬ್. ನಮ್ಮ ಕಡೆ ಗೋರಖ್ ಇಮ್ಲಿ ಎನ್ನುತ್ತಾರೆ. ಹೈದರಾಬಾದಿಗೆ ಹೋಗಿಬರುವ ಸೇಡಂನವರು ಗೋಲ್ಕೊಂಡದ ನಯಾ ಕಿಲಾದಲ್ಲಿ ಇದರ ಅಣ್ಣನನ್ನು ನೋಡಿರಬಹುದು. ಕಾಂಡ ಆನೆಯ ಮೈಯಂತೆ ಬೂದು ಬಣ್ಣ, ಸುಕ್ಕು ಸುಕ್ಕು. ಬೇಸಿಗೆಯಲ್ಲಿ ಎಲೆ ಉದುರಿದಾಗ ಯಾರೋ ಮರವನ್ನು ತಲೆಕೆಳಗಾಗಿ ನೆಟ್ಟಂತೆ, ಬೇರುಗಳೇ ಮೇಲಿದ್ದಂತೆ ಕಾಣುತ್ತದೆ. ಎರಡು ಸಾವಿರ ವರ್ಷ ಹಳೆಯದೆಂಬ ಮಾತಿದೆ. ಆದರೆ ಇದರ ಕಾಂಡ ಒಳಗೇ ಟೊಳ್ಳಾಗುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳಲಾಗದು, ರೇಡಿಯೊ ಕಾರ್ಬನ್ ಪರೀಕ್ಷೆಯೇ ಬೇಕು. ಆ ಲೆಕ್ಕವನ್ನು ನಾನಂತೂ ಬಾಯಿಮಾತಿಗಷ್ಟೇ ತೆಗೆದುಕೊಳ್ಳುತ್ತೇನೆ.

2023ರ ಜುಲೈ ಮಳೆಯಲ್ಲಿ ಮೂರರಲ್ಲೊಂದು ಬುಡಸಮೇತ ಉರುಳಿತು. ಯಂತ್ರಗಳನ್ನು ತರಿಸಿ ಅದನ್ನು ಮತ್ತೆ ಅಲ್ಲೇ ನೆಟ್ಟರು. ಆದರೆ ಬೀಳುವ ಮೊದಲು ಅದರ ಕೊಂಬೆಗಳು ಎಷ್ಟು ಚಾಚಿದ್ದವು, ಯಾವ ಕಡೆ ವಾಲಿತ್ತು? ಉತ್ತರ ಕೊಡುವುದು ಹಳೆಯ ಫೋಟೋಗಳು ಮಾತ್ರ.

ದೂರದ ಉಕ್ರೇನಿನ ಝಪೋರಿಝಿಯಾದಲ್ಲಿ ಏಳುನೂರು ವರ್ಷದ್ದೆನ್ನುವ ಒಂದು ಓಕ್ ಮರವಿದೆ. 1789ರಲ್ಲಿ ಅಲ್ಲಿ ನೆಲೆಸಿದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದವರಿಗೆ ಅದೇ ಊರಿನ ಗುರುತು. ಮುಂದೆ ಯುದ್ಧ, ಕ್ಷಾಮಗಳಿಂದ ಅವರಲ್ಲಿ ಅನೇಕರು ಕೆನಡಾ ಸೇರಿದರು. ಮರವೂ ಬಹುಪಾಲು ಒಣಗಿತು. ಆದರೂ ಅದರ ಹಳೆಯ ಚಿತ್ರಗಳನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಅದರ ಬೀಜದ ಸಸಿಗಳು ಕೆನಡಾದಲ್ಲಿ ಬೆಳೆಯುತ್ತಿವೆ.

ಇನ್ನು ನಮ್ಮ ಕಡೆಗೆ ಬನ್ನಿ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಅಲ್ಲಿನ ಮರಗಳಿಗೆ ಕಾವಲಿದೆ. ಚಿತ್ತಾಪುರ, ಸೇಡಂ ಕಡೆಯ ಖಬರಸ್ತಾನ, ದರ್ಗಾ, ಬಾವಿಕಟ್ಟೆಗಳ ಬೇವು-ಹುಣಸೆಗಳಿಗೆ ಯಾರಿದ್ದಾರೆ? ರಸ್ತೆ ಅಗಲವಾಗುವುದಿದ್ದರೆ ಒಂದೇ ದಿನದ ಕೆಲಸ.

ಹಾಗಾಗಿ ಮೊದಲು ಕಪಾಟಿನ ಆಲ್ಬಂ ತೆರೆಯಿರಿ. ವಲೀಮಾದ ದಿನ ಎಲ್ಲರೂ ಸಾಲಾಗಿ ನಿಂತ ಫೋಟೋದಲ್ಲಿ ಹಿಂದೆ ಯಾವ ಮರವಿದೆ ನೋಡಿ. ನಾವು ಮುಖಗಳನ್ನಷ್ಟೇ ನೋಡುತ್ತೇವೆ! ಅಂಟು ಹಾಳೆಯ ಆಲ್ಬಮಿನಲ್ಲಿದ್ದರೆ ಮೆಲ್ಲಗೆ ಬಿಡಿಸಿ. ಆ ಅಂಟೇ ಚಿತ್ರವನ್ನು ಹಳದಿ ಮಾಡುತ್ತದೆ. ಬರದಿದ್ದರೆ ಎಳೆಯಬೇಡಿ, ಹಾಗೆಯೇ ಮೊಬೈಲಿನಲ್ಲಿ ಪ್ರತಿ ತೆಗೆದುಕೊಳ್ಳಿ. ಬಿಡಿಸಿದ್ದನ್ನು ತೇವ, ಬಿಸಿಲು ತಾಗದ ಕಡೆ ಕಾಗದದ ಲಕೋಟೆಯಲ್ಲಿಡಿ.

ಹೊಸದಾಗಿ ತೆಗೆಯುವುದಾದರೆ ಮರದ ಪಕ್ಕ ಒಬ್ಬರನ್ನು ನಿಲ್ಲಿಸಿ, ಗಾತ್ರ ತಿಳಿಯುತ್ತದೆ. ಎಲೆಯಿದ್ದಾಗ ಒಮ್ಮೆ, ಉದುರಿದಾಗ ಒಮ್ಮೆ, ಅದೇ ಜಾಗದಿಂದ ತೆಗೆಯಿರಿ. ಮೊಬೈಲಿನಲ್ಲೇ ಬಿಟ್ಟರೆ ಮೊಬೈಲಿನೊಂದಿಗೇ ಹೋಗುತ್ತದೆ. ಒಂದು ಪ್ರತಿ ಪ್ರಿಂಟ್ ಹಾಕಿಸಿ, ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಿಂದ ಊರು, ಜಾಗ, ತಾರೀಖು ಬರೆಯಿರಿ. ಹಳೆಯ ಫೋಟೋಗಳ ವಿವರವನ್ನು ನಾನಿ-ದಾದಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಮರ ನೆಟ್ಟವರು ಯಾರು, ಅದರ ಕೆಳಗೆ ಯಾರು ಕೂರುತ್ತಿದ್ದರು ಎಂಬುದು ಅವರಿಗೆ ಗೊತ್ತು.